ಮಳೆಗಾಲದ ಬಿಸಿನೀರಿಗೆ ಅಡುಗೆ ಒಲೆ: ಕಾಸರಗೋಡಿನ ಒಂದು ಮನೆಯ ಪ್ರಕರಣ

ಇದು ಕಾಸರಗೋಡು ಜಿಲ್ಲೆಯ ಒಳನಾಡಿನ ಒಂದು ಕನ್ನಡ ಮನೆಯಲ್ಲಿ ನಡೆದದ್ದು. ಊರು, ಮನೆತನ ಹೇಳುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಒಲೆ, ಪೈಪು, ನೀರಿನ ವಿಷಯದಲ್ಲಿ ಮಾತ್ರ ಏನನ್ನೂ ಬದಲಿಸಿಲ್ಲ. ಬೇರೆಯವರಿಗೆ ಉಪಯೋಗಕ್ಕೆ ಬರುವುದು ಅದೇ ಅಲ್ವಾ?

ಮನೆ ಮತ್ತು ನೀರು

ಗುಡ್ಡದ ಬದಿಯಲ್ಲಿ ಅಡಕೆ ತೋಟ, ತೋಟದ ಮೇಲ್ಗಡೆ ಮನೆ. ಹಳೆಯ ಭಾಗಕ್ಕೆ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ ಗೋಡೆ, ಹಂಚಿನ ಮಾಡು. ಅದಕ್ಕೆ ತಾಗಿ ಇತ್ತೀಚೆಗೆ ಕಟ್ಟಿದ ತಾರಸಿಯ ಭಾಗ. ಮನೆಯಲ್ಲಿ ಯಜಮಾನರು, ಅವರ ಹೆಂಡತಿ, ಯಜಮಾನರ ತಾಯಿ. ಹೆಂಡತಿಯನ್ನು ಊರಿನವರೆಲ್ಲ ಅಕ್ಕ ಎನ್ನುತ್ತಾರೆ, ನಾನೂ ಇಲ್ಲಿ ಹಾಗೇ ಕರೆಯುತ್ತೇನೆ. ಮಗ ಬ್ರಿಟನ್ನಿನಲ್ಲಿ ಕೆಲಸದಲ್ಲಿದ್ದಾನೆ. ಮಗಳು ಮದುವೆಯಾಗಿ ಬೇರೆ ಊರಿನಲ್ಲಿ.

ನೀರು ಸುರಂಗದ್ದು. ಈ ಕಡೆಯವರಿಗೆ ಸುರಂಗ ಎಂದರೆ ವಿವರಿಸಬೇಕಾಗಿಲ್ಲ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಮುರಕಲ್ಲಿನ ಗುಡ್ಡದೊಳಗೆ ಒಬ್ಬ ಮನುಷ್ಯ ಹೋಗಿ ಬರುವಷ್ಟು ಅಗಲಕ್ಕೆ ಅಡ್ಡಲಾಗಿ ಕೊರೆದ ದಾರಿ ಅದು. ಒಳಗೆ ಒಸರುವ ನೀರು ಪೈಪಿನಲ್ಲಿ ತಾನಾಗಿ ಇಳಿದು ಮನೆಯ ಟ್ಯಾಂಕಿಗೆ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಮುರಕಲ್ಲಿನ ನಾಡಿನ ನೀರು ಸಾಮಾನ್ಯವಾಗಿ ತುಸು ಆಮ್ಲದ ಗುಣದ್ದು. ಪಾತ್ರೆಗೆ ಬಿಳಿ ಸುಣ್ಣದ ಪದರ ಕಟ್ಟುವುದಿಲ್ಲ, ಆದರೆ ಲೋಹವನ್ನು ಮೆಲ್ಲಗೆ ತಿನ್ನುತ್ತದೆ. ತಾಮ್ರದ ಪೈಪು ಹಾಕಿದ ಮನೆಗಳಲ್ಲಿ ಬೇಸಿನ್ನಿನ ಮೇಲೆ ಹಸಿರು ನೀಲಿ ಕಲೆ ಕಾಣುವುದು ಇದಕ್ಕೇ.

ಸ್ನಾನಕ್ಕೆ ಎರಡು ವ್ಯವಸ್ಥೆ ಇತ್ತು. ಅಂಗಳದ ಆಚೆ ಹಳೆಯ ಬಚ್ಚಲು, ಅದರಲ್ಲಿ ಹಂಡೆ. ತಾರಸಿಯ ಮೇಲೆ 200 ಲೀಟರಿನ ಸೋಲಾರ್. ದೀಪಾವಳಿಯಿಂದ ಮೇ ತನಕ ಸೋಲಾರ್ ಸಾಕು. ಜೂನಿನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್ ತನಕ ಅದು ಬರೀ ಟ್ಯಾಂಕು. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು. ಅದರಲ್ಲಿ ಹೆಚ್ಚಿನ ಪಾಲು ಆ ನಾಲ್ಕು ತಿಂಗಳಲ್ಲೇ.

ಆಗ ಸೋಲಾರಿನೊಳಗಿನ ಕರೆಂಟ್ ಕಾಯಿಲ್ ಹಾಕುತ್ತಿದ್ದರು. ಲೆಕ್ಕ ನೋಡಿ. 200 ಲೀಟರ್ ನೀರನ್ನು 30 ಡಿಗ್ರಿ ಏರಿಸಲು ಸುಮಾರು 7 ಯೂನಿಟ್ ಬೇಕು. ದಿನಾ ಹಾಗೆ ಮಾಡಿದರೆ ಎರಡು ತಿಂಗಳಿಗೆ 420 ಯೂನಿಟ್. ಕೇರಳದಲ್ಲಿ ಮನೆಗಳ ಬಿಲ್ಲು ಎರಡು ತಿಂಗಳಿಗೊಮ್ಮೆ. ತಿಂಗಳಿಗೆ 250, ಅಂದರೆ ಎರಡು ತಿಂಗಳಿಗೆ 500 ಯೂನಿಟ್ ದಾಟಿತೋ, ಹಂತ ಹಂತದ ದರ ಹೋಗಿ ಮೊದಲ ಯೂನಿಟ್‌ನಿಂದಲೇ ಹೆಚ್ಚಿನ ದರ ಬೀಳುತ್ತದೆ. ಫ್ರಿಜ್ಜು, ಮಿಕ್ಸಿ, ಟಿವಿ ಎಲ್ಲ ಸೇರಿ 500ರೊಳಗೆ ಇದ್ದ ಮನೆ ಬಿಸಿನೀರಿನಿಂದಾಗಿ ಆ ಗೆರೆ ದಾಟುತ್ತಿತ್ತು. ಅದೂ ಕರೆಂಟ್ ಇದ್ದರೆ. ಮರ ಬಿದ್ದು ಲೈನ್ ಕಡಿದರೆ ಒಳನಾಡಿನಲ್ಲಿ ದಿನವಿಡೀ ಕತ್ತಲೆ.

ಆ ವರ್ಷ ಮಗಳ ಬಾಣಂತನ ಆಟಿ ತಿಂಗಳಿಗೆ, ಅಂದರೆ ಜುಲೈ-ಆಗಸ್ಟಿಗೆ ಬರುವುದಿತ್ತು. ಬಾಣಂತಿ ಸ್ನಾನಕ್ಕೆ ಎಷ್ಟು ಬಿಸಿನೀರು ಬೇಕು ಎಂದು ಹೇಳಬೇಕಿಲ್ಲ. ಜಾರುವ ಅಂಗಳದಲ್ಲಿ ಕೊಡೆ ಹಿಡಿದುಕೊಂಡು ಹಂಡೆಯ ನೀರು ಹೊರುವುದು ಅಕ್ಕನಿಗೆ ಆಗುವಂತಿರಲಿಲ್ಲ. ಅಜ್ಜಿಗಂತೂ ಅಂಗಳ ದಾಟುವುದೇ ಕಷ್ಟ. ನೀರು ಒಳಗಿನ ಬಾತ್‌ರೂಮಿನ ನಲ್ಲಿಗೇ ಬರಬೇಕು. ಎಲ್ಲರೂ ಒಪ್ಪಿದ ಮಾತು ಇದೊಂದೇ.

ಮಗನ ಯೋಚನೆ

ಮಗ ಬ್ರಿಟನ್ನಿನ ಹಳ್ಳಿಯೊಂದರಲ್ಲಿ ಹಳೆಯ ಮನೆ ಬಾಡಿಗೆಗೆ ಹಿಡಿದಿದ್ದ. ಅಲ್ಲಿನ ಅಡುಗೆಮನೆಯಲ್ಲಿ ಬೀಡುಕಬ್ಬಿಣದ ದೊಡ್ಡ ಒಲೆ. ಒಂದು ಕಡೆ ಸೌದೆ ಹಾಕುವ ಗೂಡು, ಪಕ್ಕದಲ್ಲಿ ಓವನ್, ಮೇಲೆ ಪಾತ್ರೆ ಇಡುವ ಕಾದ ತಟ್ಟೆ. ಆ ದೇಶದಲ್ಲಿ ಇಂಥ ಒಲೆಗಳಿಗೆ ದೊಡ್ಡ ಚರಿತ್ರೆಯೇ ಇದೆ. ಆಗಾ ಒಲೆಯನ್ನು 1922ರಲ್ಲಿ ರೂಪಿಸಿದ್ದು ಸ್ವೀಡನ್ನಿನ ಗುಸ್ತಾಫ್ ಡಲೆನ್, 1912ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದು ಅದೇ ವರ್ಷ ಕಣ್ಣು ಕಳೆದುಕೊಂಡ ವಿಜ್ಞಾನಿ. ರೇಬರ್ನ್ ಎಂಬ ಒಲೆ 1946ರಲ್ಲಿ ಬಂತು. ಇವುಗಳಲ್ಲಿ ಕೆಲವಕ್ಕೆ ಬೆಂಕಿಗೂಡಿನ ಹಿಂಬದಿಯಲ್ಲಿ ನೀರಿನ ಪೆಟ್ಟಿಗೆ ಇರುತ್ತದೆ. ಅನ್ನ ಬೇಯುವ ಬೆಂಕಿಯಲ್ಲೇ ನೀರೂ ಕಾದು ಪೈಪಿನಲ್ಲಿ ಹೋಗಿ, ಕೋಣೆ ಬೆಚ್ಚಗಿಡಲು ಇಟ್ಟ ರೇಡಿಯೇಟರ್ ಎಂಬ ಲೋಹದ ಚಪ್ಪಟೆ ಪೆಟ್ಟಿಗೆಗಳು ಬಿಸಿಯಾಗುತ್ತವೆ. ಮಗನ ಮನೆಯಲ್ಲಿ ಎಣ್ಣೆಯ ಬಾಯ್ಲರ್ ಕೂಡ ಇತ್ತು. ಒಲೆ ಹೊತ್ತಿಸಿದ ದಿನ ಎಣ್ಣೆ ಉಳಿಯುತ್ತಿತ್ತು.

ನಮ್ಮಲ್ಲಿ ಕೋಣೆ ಬಿಸಿ ಮಾಡುವ ಅಗತ್ಯ ಯಾರಿಗೂ ಇಲ್ಲ. ಆದರೆ ಎಣ್ಣೆ ಬಾಯ್ಲರಿನ ಜಾಗದಲ್ಲಿ ಸೋಲಾರ್, ರೇಡಿಯೇಟರಿನ ಜಾಗದಲ್ಲಿ ಬಾತ್‌ರೂಮ್ ನಲ್ಲಿ ಇಟ್ಟರೆ ಲೆಕ್ಕ ಒಂದೇ. ಈ ಮನೆಯಲ್ಲಿ ಬೆಳಗ್ಗೆ ಕುಚ್ಚಲಕ್ಕಿ ಗಂಜಿಗೆ, ದನಗಳಿಗೆ ಕುಡಿಸುವ ಬಾಯರಿಗೆ ಸೌದೆ ಒಲೆ ಹೇಗೂ ಉರಿಯುತ್ತಿತ್ತು. ಆ ಶಾಖದಲ್ಲಿ ದೊಡ್ಡ ಪಾಲು ಸುಮ್ನೆ ಮಾಡಿಗೆ ಹೋಗುತ್ತಿತ್ತು. ಚೆನ್ನಾಗಿ ಒಣಗಿದ ಸೌದೆ ಕಿಲೋಗೆ ಸುಮಾರು 4 ಯೂನಿಟ್‌ನಷ್ಟು ಶಾಖ ಕೊಡುತ್ತದೆ. ಅದರಲ್ಲಿ ಕಾಲು ಪಾಲು ನೀರಿಗೆ ಸಿಕ್ಕಿದರೂ 7 ಕಿಲೋ ಸೌದೆಯಲ್ಲಿ ಮನೆಯ ಬಿಸಿನೀರು ಮುಗಿಯಿತು. ಯೋಚನೆಯಲ್ಲಿ ತಪ್ಪಿರಲಿಲ್ಲ.

ವಿದೇಶದಿಂದ ಒಲೆ ತರಿಸುವ ಮಾತು ಅದರ ತೂಕ ಕೇಳಿದ ಕೂಡಲೇ ಮುಗಿಯಿತು. ಪೇಟೆಯ ವೆಲ್ಡಿಂಗ್ ಶಾಪಿನಲ್ಲಿ ದಪ್ಪ ತಗಡಿನ ಒಲೆ ಮಾಡಿಸಿದರು. ಬಾಗಿಲು ಇರುವ ಬೆಂಕಿಗೂಡು, ಕೆಳಗೆ ಸರಳಿನ ಜಾಲರಿ, ಬೂದಿ ತಟ್ಟೆ, ಮೇಲೆ ಎರಡು ಪಾತ್ರೆ ಇಡುವ ಜಾಗ. ಬೆಂಕಿಗೂಡಿನ ಮೂರು ಬದಿಗೂ ಸುತ್ತುವ ಸ್ಟೀಲಿನ ನೀರಿನ ಪೆಟ್ಟಿಗೆ. ಅಲ್ಲಿಂದ ತಾರಸಿಯ ಸೋಲಾರ್ ಟ್ಯಾಂಕಿಗೆ ಒಂದು ಪೈಪು ಹೋಗಲು, ಒಂದು ಬರಲು. ಪೈಪು ಹೆಚ್ಚಿನ ಕಡೆ ಸಿಪಿವಿಸಿ, ಅಂದರೆ ಬಿಸಿನೀರಿಗೆ ಬಳಸುವ ಪ್ಲಾಸ್ಟಿಕ್ಕು. ನೀರು ತಿರುಗಿಸಲು ಸಣ್ಣ ಪಂಪು. ಬೇಸಿಗೆಯಲ್ಲಿ ಒಲೆಯನ್ನು ಸೋಲಾರಿನಿಂದ ಬೇರೆ ಮಾಡಲು ನಡುವೆ ಕೆಂಪು ಹಿಡಿಯ ವಾಲ್ವು.

ಈ ಪಟ್ಟಿಯನ್ನು ಓದಿದಾಗಲೇ ಕೆಲವರಿಗೆ ಎದೆ ಹೊಡೆದುಕೊಂಡಿರಬಹುದು. ಗೀಸರಿಗೆ ಸ್ವಿಚ್ ಇದೆ. ಗ್ಯಾಸಿಗೆ ತಿರುಗಿಸುವ ಕಿವಿ ಇದೆ. ಗೂಡು ತುಂಬ ಸೌದೆ ಹಿಡಿದು ಉರಿಯುವಾಗ ಅದನ್ನು ನಿಲ್ಲಿಸಲು ಏನೂ ಇಲ್ಲ. ಆ ಶಾಖ ಎಲ್ಲಿಗಾದರೂ ಹೋಗಲೇಬೇಕು. ಮೊದಲ ನಕ್ಷೆಯಲ್ಲಿ ಅದು ಹೋಗಬೇಕಾದರೆ ಪಂಪು ತಿರುಗಬೇಕಿತ್ತು, ವಾಲ್ವು ತೆರೆದಿರಬೇಕಿತ್ತು. ಎರಡೂ ಯಾವಾಗಲೂ ಸರಿಯಿರುತ್ತವೆ ಎಂಬ ನಂಬಿಕೆಯ ಮೇಲೆ ಒಲೆ ನಿಂತಿತ್ತು.

ಜೂನಿನ ಬೆಳಗ್ಗೆ

ಮೊದಲ ಕೆಲವು ವಾರ ಎಲ್ಲ ಚೆನ್ನಾಗಿಯೇ ನಡೆಯಿತು. ಹೊರಗೆ ಮಳೆ ಹೊಯ್ಯುತ್ತಿರುವಾಗ ನಲ್ಲಿಯಲ್ಲಿ ಬಿಸಿನೀರು. ಯಜಮಾನರು ನೆರೆಯವರನ್ನು ಕರೆದು ತೋರಿಸಿದ್ದೂ ಉಂಟು.

ಜೂನ್ ಕೊನೆಗೆ ಒಂದು ಬೆಳಗ್ಗೆ ಗಾಳಿಮಳೆಗೆ ಕರೆಂಟ್ ಹೋಯಿತು. ಅಕ್ಕ ಆಗಷ್ಟೇ ಗೂಡಿಗೆ ಸೌದೆ ತುಂಬಿಸಿ ಹಟ್ಟಿಗೆ ಹೋಗಿದ್ದರು. ಪಂಪು ನಿಂತದ್ದು ಯಾರ ಗಮನಕ್ಕೂ ಬರಲಿಲ್ಲ. ಅಜ್ಜಿಗೆ ಮೊದಲು ಕೇಳಿದ್ದು ಗೋಡೆಯೊಳಗಿನಿಂದ ಬಂದಂಥ ಗುಡುಗುಡು ಶಬ್ದ. ಪೆಟ್ಟಿಗೆಯ ನೀರು ಕುದಿಯುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಒಲೆಯ ಹತ್ತಿರದ ಸಿಪಿವಿಸಿ ಜೋಡಣೆ ಮೆತ್ತಗಾಗಿ ಕಳಚಿತು. ಕುದಿನೀರು, ಹಬೆ ಅಡುಗೆಮನೆಯ ಗೋಡೆಗೆ ಹಾರಿತು. ಸಿಪಿವಿಸಿ ತಡೆಯುವುದು ಹೆಚ್ಚೆಂದರೆ 93 ಡಿಗ್ರಿ. ಅಲ್ಲಿ ನೂರು ದಾಟಿತ್ತು.

ಯಾರಿಗೂ ಸುಟ್ಟ ಗಾಯ ಆಗಲಿಲ್ಲ. ಒಲೆಯ ಮುಂದೆ ಯಾರೂ ಇರಲಿಲ್ಲ, ಅಷ್ಟೇ ಕಾರಣ.

ಆಮೇಲಿನ ಕೆಲವು ನಿಮಿಷ ಇನ್ನೂ ಮುಖ್ಯ. ಯಜಮಾನರು ಓಡಿಬಂದು ತಣ್ಣೀರಿನ ನಲ್ಲಿ ತಿರುಗಿಸಿ ಪೆಟ್ಟಿಗೆಗೆ ನೀರು ಬಿಡಲು ಹೊರಟರು. ಯಾರಾದರೂ ಮಾಡುವುದು ಅದನ್ನೇ. ಆಗ ತಡೆದದ್ದು ತೋಟದಲ್ಲಿ ಕಟ್ಟೆ ಕೆಲಸಕ್ಕೆ ಬಂದಿದ್ದ ಹಳೆಯ ಮೇಸ್ತ್ರಿ.

"ಅಣ್ಣೇರೆ, ನೀರು ಬಿಡಬೇಡಿ. ಪೆಟ್ಟಿಗೆ ಖಾಲಿ ಆಗಿ ಕಾದು ಕೂತಿದೆ. ಮೊದಲು ಕೆಂಡ ಎಳೆಯಿರಿ."

ಅವರು ಹೇಳಿದ್ದು ಸರಿ. ಒಂದು ಲೀಟರ್ ನೀರು ಹಬೆಯಾದರೆ ಸುಮಾರು 1600 ಲೀಟರಿನಷ್ಟು ಜಾಗ ಬೇಡುತ್ತದೆ. ಕೆಂಪಗೆ ಕಾದ ಖಾಲಿ ಪೆಟ್ಟಿಗೆಗೆ ತಣ್ಣೀರು ಬಿದ್ದರೆ ಅದು ಒಮ್ಮೆಗೇ ಹಬೆಯಾಗಿ ಒಡೆಯುತ್ತದೆ. ಬೆಂಕಿಗೂಡಿಗೆ ನೇರವಾಗಿ ನೀರು ಎರಚುವುದೂ ಅಪಾಯವೇ. ಮೇಸ್ತ್ರಿ ಹಾರೆಯಲ್ಲಿ ಉರಿಯುವ ಸೌದೆ, ಕೆಂಡ ಎಲ್ಲವನ್ನೂ ಕಬ್ಬಿಣದ ಬಾಣಲೆಗೆ ಎಳೆದು ಅಂಗಳಕ್ಕೆ ಹೊತ್ತರು. ಮಳೆ ಉಳಿದದ್ದನ್ನು ನೋಡಿಕೊಂಡಿತು. ಒಲೆ ತಾನಾಗಿ ತಣಿಯುವ ತನಕ ಯಾರೂ ಮುಟ್ಟಲಿಲ್ಲ.

ನಾನು ಆ ಮನೆಗೆ ಹೋದದ್ದು ಇದಾದ ಮೇಲೆ. ನೋಡಿದ ಕೂಡಲೇ ನನ್ನ ಕಣ್ಣು ಹೋದದ್ದು ಆ ಕೆಂಪು ಹಿಡಿಯ ವಾಲ್ವಿನ ಕಡೆಗೆ. ಅಂದು ಅದು ತೆರೆದಿತ್ತು. ಹಾಗಾಗಿ ಹಬೆಯ ಒಂದು ಪಾಲು ತಾರಸಿಯ ಟ್ಯಾಂಕಿನ ಗಾಳಿಕೊಳವೆಯಿಂದ ಹೊರಗೆ ಹೋಯಿತು. ಮೇ ತಿಂಗಳಲ್ಲಿ ಯಾರೋ ಮುಚ್ಚಿ, ಜೂನಿನಲ್ಲಿ ತೆರೆಯಲು ಮರೆತಿದ್ದರೆ? ಪೈಪು ಗಟ್ಟಿಯಾಗಿದ್ದಿದ್ದರೆ? ಆಗ ಒಲೆಯೊಳಗಿನ ಪೆಟ್ಟಿಗೆಗೆ ಬಾಯಿಯೇ ಇರುತ್ತಿರಲಿಲ್ಲ. ಸಿಪಿವಿಸಿ ಕಳಚಿದ್ದನ್ನು ಮನೆಯವರೆಲ್ಲ ಬೈದರು. ನನ್ನ ಪ್ರಕಾರ ಅಂದು ಮನೆ ಉಳಿಸಿದ್ದು ಆ ಕಳಪೆ ಜೋಡಣೆಯೇ.

ಪಂಪು ಇಲ್ಲದೆಯೂ ಬಿಸಿನೀರು ಮೇಲೆ ಏರಬೇಕಲ್ಲ, ಸೋಲಾರಿನಲ್ಲಿ ಏರುತ್ತದಲ್ಲ ಎಂದು ಯಜಮಾನರು ಕೇಳಿದರು. ಏರಬೇಕು ನಿಜ. ಆದರೆ ಆ ಎತ್ತುವ ಬಲ ಎಷ್ಟು ಸಣ್ಣದು ನೋಡಿ. 30 ಡಿಗ್ರಿಯ ಒಂದು ಲೀಟರ್ ನೀರು 996 ಗ್ರಾಂ ತೂಗಿದರೆ 80 ಡಿಗ್ರಿಯದ್ದು 972 ಗ್ರಾಂ. ವ್ಯತ್ಯಾಸ 24 ಗ್ರಾಂ. ಎರಡು ಮೀಟರ್ ಎತ್ತರದ ಪೈಪಿನಲ್ಲಿ ಇದು ಐದು ಸೆಂಟಿಮೀಟರ್ ನೀರಿನ ಒತ್ತಡಕ್ಕೂ ಸಮ ಇಲ್ಲ. ಈ ಮನೆಯಲ್ಲಿ ಪೈಪು ಅಡುಗೆಮನೆಯಿಂದ ಮೇಲೆ ಹೋಗಿ, ಕಿಟಕಿ ತಪ್ಪಿಸಲು ಕೆಳಗೆ ಇಳಿದು, ಉದ್ದಕ್ಕೆ ಮಲಗಿ, ಮತ್ತೆ ತಾರಸಿಗೆ ಏರಿತ್ತು. ಮೊದಲು ಏರಿದ ತಿರುವಿನಲ್ಲಿ ಗಾಳಿ ಸೇರಿಕೊಂಡಿತ್ತು. ಪಂಪು ತಳ್ಳುತ್ತಿದ್ದಾಗ ಅದು ಗೊತ್ತಾಗಲಿಲ್ಲ. ಪಂಪು ನಿಂತಾಗ ಆ ಗಾಳಿಯನ್ನು ದಾಟುವ ಶಕ್ತಿ ಬರೀ ಬಿಸಿನೀರಿಗೆ ಇರಲಿಲ್ಲ.

ಅವಸರ ಬೇಡ ಎಂಬ ತೀರ್ಮಾನ

ಮಗಳು ಬರಲು ಕೆಲವೇ ವಾರ ಉಳಿದಿತ್ತು. ಮಗ ಫೋನಿನಲ್ಲಿ, "ಅಪ್ಪ, ಪಂಪನ್ನು ಇನ್ವರ್ಟರಿಗೆ ಕೊಡೋಣ, ಒಂದು ಸೇಫ್ಟಿ ವಾಲ್ವು ಹಾಕೋಣ, ಮುಗಿಯಿತು" ಎಂದ. ಪ್ಲಂಬರನೂ ಅದಕ್ಕೆ ಸೈ. ಒಂದೇ ದಿನದ ಕೆಲಸ. ಯಜಮಾನರು ಹೆಚ್ಚುಕಡಿಮೆ ಒಪ್ಪಿದ್ದರು.

ಮೇಸ್ತ್ರಿ ಮಾತ್ರ ಒಪ್ಪಲಿಲ್ಲ. ಎಂಬತ್ತರ ದಶಕದಲ್ಲಿ ಅವರು ಊರೂರಲ್ಲಿ ಅಸ್ತ್ರ ಒಲೆ ಕಟ್ಟಿದವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದಿಂದ ಬಂದ ಒಲೆ ಅದು. ಬೆಂಕಿಗೆ ಎಷ್ಟು ಗಾಳಿ, ಹೊಗೆಗೆ ಎಷ್ಟು ದಾರಿ ಎಂಬುದು ಅವರಿಗೆ ಕೈಯಲ್ಲೇ ಗೊತ್ತು. ಅವರು ಕೇಳಿದ್ದು ಇಷ್ಟೇ. "ಇನ್ವರ್ಟರ್ ಬ್ಯಾಟರಿ ಹಾಳಾದ ದಿನ ಯಾರಿಗೆ ಗೊತ್ತಾಗ್ತದೆ? ಒಲೆಗೆ ಗೊತ್ತಾಗ್ತದಾ?"

ಸೇಫ್ಟಿ ವಾಲ್ವೂ ಬೇಕು, ಆದರೆ ಅದೊಂದನ್ನೇ ನಂಬಬಾರದು. ವರ್ಷಗಟ್ಟಲೆ ತೆರೆಯದ ವಾಲ್ವು ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ. ಈ ನೀರಿನಲ್ಲಂತೂ ಅದಕ್ಕೆ ಜಾಸ್ತಿ ಸಮಯ ಬೇಡ.

ಕೊನೆಗೆ ಅಕ್ಕ ನಿರ್ಧಾರ ಹೇಳಿದರು. ಈ ಮಳೆಗಾಲ ಹಂಡೆಯೇ ಇರಲಿ. ಅಡುಗೆಮನೆ ಬಾಗಿಲಿನಿಂದ ಬಚ್ಚಲಿನ ತನಕ ಶೀಟು ಹಾಕಿಸಿ, ಕೆಳಗೆ ಜಾರದ ಹಾಗೆ ಒರಟು ಸಿಮೆಂಟು ಹಾಕಿ. ಬಾಣಂತಿಗೆ ನೀರು ಕಾಯಿಸಲು ಒಬ್ಬಳು ಕೆಲಸದಾಕೆಯನ್ನು ಗೊತ್ತು ಮಾಡಿ. ಒಲೆಯ ವಿಷಯ ಮಳೆ ಬಿಟ್ಟ ಮೇಲೆ.

ಇಡೀ ಪ್ರಕರಣದಲ್ಲಿ ನನಗೆ ತುಂಬ ಹಿಡಿಸಿದ್ದು ಈ ತೀರ್ಮಾನ. ಖರ್ಚು ಮಾಡಿ ಮಾಡಿಸಿದ್ದು ಕಣ್ಣೆದುರು ಸುಮ್ಮನೆ ಕೂತಿರುವಾಗ ಇಂಥ ಮಾತು ಹೇಳುವುದು ಸುಲಭ ಅಲ್ಲ.

ಬಿಸಿಯಾಗಿಯೇ ಇದ್ದ ರೇಡಿಯೇಟರ್

ಆ ಹೊತ್ತಿಗೆ ಮಗ ಒಂದು ಒಳ್ಳೆಯ ಕೆಲಸ ಮಾಡಿದ. ತನ್ನ ಬಾಡಿಗೆ ಮನೆಯಲ್ಲಿ ಪೈಪುಗಳು ಹೇಗೆ ಹೋಗಿವೆ ಎಂದು ಮನೆಯ ಮಾಲೀಕರನ್ನು ಕೇಳಿದ. ಅಲ್ಲಿ ಬಾತ್‌ರೂಮಿನ ರೇಡಿಯೇಟರಿಗೆ ತಿರುಪು ಇರಲಿಲ್ಲ. ಒಲೆ ಉರಿದಷ್ಟೂ ಹೊತ್ತು ಅದು ಬಿಸಿ. ಕೆಟ್ಟಿದೆ ಎಂದೇ ಅವನು ಅಷ್ಟು ದಿನ ತಿಳಿದಿದ್ದ. ಬೇಕೆಂದೇ ಹಾಗೆ ಮಾಡಿದ್ದು ಎಂದು ಮಾಲೀಕರು ಹೇಳಿದರಂತೆ. ಪಂಪು ನಿಂತರೂ, ಎಲ್ಲ ರೇಡಿಯೇಟರ್ ಮುಚ್ಚಿದರೂ ಒಲೆಯ ಶಾಖ ತಾನಾಗಿ ಹೋಗಲು ಒಂದು ಜಾಗ ಇರಲೇಬೇಕು. ಅದಕ್ಕೆ ಹೋಗುವ ಪೈಪು ದಪ್ಪ, ಉದ್ದಕ್ಕೂ ಏರುಮುಖ, ವಾಲ್ವು ಇಲ್ಲವೇ ಇಲ್ಲ. ಅಟ್ಟದ ಮೇಲೆ ಸಣ್ಣ ನೀರಿನ ತೊಟ್ಟಿ, ಅದರ ಮೇಲೆ ಬಾಗಿ ನಿಂತ ತೆರೆದ ಕೊಳವೆ. ಕುದಿದರೆ ಹಬೆ ಅಲ್ಲಿಗೆ ಹೋಗುತ್ತದೆ, ನೀರು ಹಿಗ್ಗಿದರೆ ಅಲ್ಲಿಗೆ ಏರುತ್ತದೆ. ಸೌದೆ, ಕಲ್ಲಿದ್ದಲಿನ ಬಾಯ್ಲರುಗಳಿಗೆ ಅಲ್ಲಿ ಇದು ಹಳೆಯ ರೂಢಿ. ಮಗ ಒಲೆಯನ್ನು ನೋಡಿದ್ದ, ಅದರ ಸುತ್ತಲಿನದನ್ನು ನೋಡಿರಲಿಲ್ಲ.

ನವೆಂಬರಿನಲ್ಲಿ ಹೊಸ ನಕ್ಷೆ ಆಯಿತು. ಸೋಲಾರನ್ನು ಇದರಿಂದ ಪೂರ್ತಿ ಬಿಟ್ಟರು. ಅಡುಗೆಮನೆಗೆ ತಾಗಿದ ಬಾತ್‌ರೂಮಿನ ಕಾಂಕ್ರೀಟ್ ಲಾಫ್ಟಿನ ಮೇಲೆ, ಒಲೆಗಿಂತ ಎರಡು ಮೀಟರ್ ಎತ್ತರದಲ್ಲಿ, 150 ಲೀಟರಿನ ಸ್ಟೀಲ್ ತೊಟ್ಟಿ. ಮೊದಲು ಹಳೆಯ ಮರದ ಅಟ್ಟದ ಮೇಲೆ ಇಡುವ ಮಾತು ಬಂದಿತ್ತು. ನೀರಿನ ತೂಕವೇ 150 ಕಿಲೋ. ಗೆದ್ದಲು ಹಿಡಿದ ತೊಲೆಯ ಮೇಲೆ ಅದನ್ನು ಇಡುವುದು ಬೇಡ ಎಂದು ಬಿಟ್ಟರು.

ತೊಟ್ಟಿಯೊಳಗೆ ತೊಟ್ಟಿ. ಹೊರಗಿನ ಪದರದಲ್ಲಿ ಒಲೆಯ ನೀರು ಸುತ್ತುತ್ತದೆ, ಒಳಗಿನದರಲ್ಲಿ ಸ್ನಾನದ ನೀರು ಕಾಯುತ್ತದೆ. ಎರಡೂ ಬೆರೆಯುವುದಿಲ್ಲ. ಇದಕ್ಕೆ ಕಾರಣ ಸುರಂಗದ ನೀರು. ಒಲೆಯ ಪೆಟ್ಟಿಗೆಗೆ ದಿನಾ ಹೊಸ ನೀರು ಬಂದರೆ ಅದರ ಆಮ್ಲ, ಅದರಲ್ಲಿ ಕರಗಿದ ಗಾಳಿ ಎರಡೂ ದಿನಾ ಲೋಹವನ್ನು ತಿನ್ನುತ್ತವೆ. ಅದೇ ನೀರು ಸುತ್ತುತ್ತಿದ್ದರೆ ಕರಗಿದ ಗಾಳಿ ಬೇಗ ಮುಗಿದು ತುಕ್ಕು ನಿಧಾನವಾಗುತ್ತದೆ.

ಒಲೆಯಿಂದ ತೊಟ್ಟಿಗೆ ದಪ್ಪ ಕಬ್ಬಿಣದ ಪೈಪು, ಎಲ್ಲೂ ಇಳಿಯದ ಹಾಗೆ. ಪಂಪು ಇಲ್ಲ. ಒಲೆಯ ಸುತ್ತಿನಲ್ಲಿ ಒಂದೇ ಒಂದು ವಾಲ್ವು ಇಲ್ಲ. ಮೇಲೆ ಫ್ಲೋಟ್ ಇರುವ ಪುಟ್ಟ ತೊಟ್ಟಿ, ಹಂಚಿನ ಮೇಲಕ್ಕೆ ಎದ್ದ ತೆರೆದ ಕೊಳವೆ. ಆ ಪುಟ್ಟ ತೊಟ್ಟಿಗೆ ನೀರು ಬರುವುದು ಸುರಂಗದಿಂದ, ಹಾಗಾಗಿ ಕರೆಂಟ್ ಹೋದರೂ ಒಲೆಗೆ ನೀರಿನ ಕೊರತೆ ಇಲ್ಲ. ಬ್ರಿಟನ್ನಿನ ಆ ತಿರುಪಿಲ್ಲದ ರೇಡಿಯೇಟರಿನ ಬದಲು ಪಕ್ಕದ ಸಣ್ಣ ಕೋಣೆಯಲ್ಲಿ ಏಣಿಯ ಹಾಗೆ ಬೆಸೆದ ಪೈಪುಗಳು.

ಫೆಬ್ರವರಿಯಲ್ಲಿ ಪರೀಕ್ಷೆ ನಡೆಯಿತು. ಮನೆಯ ಮೇನ್ ಸ್ವಿಚ್ ತೆಗೆದು, ಗೂಡು ತುಂಬ ಸೌದೆ ಹಾಕಿ, ಬಿಸಿನೀರು ಯಾರೂ ಬಳಸದೆ ಕಾದು ಕೂತೆವು. ತೊಟ್ಟಿ ಕಾಯಿತು. ಪೈಪಿನ ಏಣಿ ಮುಟ್ಟಲಾಗದಷ್ಟು ಬಿಸಿಯಾಯಿತು. ತೆರೆದ ಕೊಳವೆಯಿಂದ ಒಂದಿಷ್ಟು ಹಬೆ ಬಂತು. ಬೇರೆ ಏನೂ ಆಗಲಿಲ್ಲ. ಇಂಥ ಒಲೆ ಮಾಡಿಸಿದವರು ಈ ಪರೀಕ್ಷೆಯನ್ನು ಪ್ಲಂಬರ್ ಮನೆಯಲ್ಲಿರುವಾಗಲೇ ಮಾಡಬೇಕು. ಅವನು ಹಣ ತೆಗೆದುಕೊಂಡು ಹೋದ ಮೇಲೆ ಅಲ್ಲ.

ಗಂಜಿ ಬೇಯಲಿಲ್ಲ

ಮುಂದಿನ ತೊಂದರೆಯನ್ನು ಯಾರೂ ಎಣಿಸಿರಲಿಲ್ಲ. ಅಥವಾ ಅಕ್ಕನನ್ನು ಮೊದಲೇ ಕೇಳಿದ್ದರೆ ಗೊತ್ತಾಗುತ್ತಿತ್ತು.

ಹೊಸ ಒಲೆಯಲ್ಲಿ ನೀರು ಕಾಯುತ್ತಿತ್ತು, ಗಂಜಿ ಬೇಯುತ್ತಿರಲಿಲ್ಲ. ಬೆಂಕಿಗೂಡಿನ ಮೂರು ಬದಿಗೂ ನೀರು. ಬೆಂಕಿ ಹಿಡಿಯುವ ಮೊದಲೇ ಶಾಖವನ್ನು ನೀರು ಎಳೆದುಕೊಳ್ಳುತ್ತದೆ. ಮೇಲಿನ ತಟ್ಟೆಗೆ ಉಳಿಯುವುದು ಸ್ವಲ್ಪ. "ಇದು ಬಚ್ಚಲು ಒಲೆ. ಇದರ ಮೇಲೆ ಅನ್ನ ಮಾಡಿ ಅಂತ ನನಗೆ ಹೇಳಬೇಡಿ" ಎಂದರು ಅಕ್ಕ. ಅವರು ಗಂಜಿಯನ್ನು ಗ್ಯಾಸಿಗೆ ಬದಲಿಸಿದರು. ಒಲೆ ಬರೀ ನೀರಿಗೆ ಉರಿಯಿತು. ಹೇಗೂ ಉರಿಯುವ ಬೆಂಕಿಯಲ್ಲಿ ನೀರು ಕಾಯಲಿ ಎಂಬ ಮೂಲ ಲೆಕ್ಕವೇ ತಲೆಕೆಳಗಾಯಿತು. ಸೌದೆಯೂ ಖರ್ಚು, ಗ್ಯಾಸೂ ಖರ್ಚು.

ಒಲೆಯ ಅಳತೆ, ನೀರಿನ ಪೆಟ್ಟಿಗೆಯ ಅಳತೆ, ಪೈಪಿನ ದಪ್ಪ ಎಲ್ಲದರ ಬಗ್ಗೆ ಗಂಡಸರು ಗಂಟೆಗಟ್ಟಲೆ ಮಾತಾಡಿದ್ದರು. ದಿನಾ ಅದರ ಮುಂದೆ ನಿಲ್ಲುವವರು ಎಷ್ಟು ಹೊತ್ತಿಗೆ ಏನು ಬೇಯಿಸುತ್ತಾರೆ ಎಂದು ಒಬ್ಬರೂ ಕೇಳಿರಲಿಲ್ಲ. ನೀರಿಗೆ ಜಾಸ್ತಿ ಕೊಟ್ಟಷ್ಟೂ ಅಡುಗೆಗೆ ಕಡಿಮೆ. ಇದು ಕೈಚಳಕದಿಂದ ತಪ್ಪಿಸುವ ವಿಷಯ ಅಲ್ಲ, ಯಾವುದಕ್ಕೆ ಎಷ್ಟು ಎಂದು ಮೊದಲೇ ಹಂಚಬೇಕು.

ಮೇಸ್ತ್ರಿಯ ಉಪಾಯದಿಂದ ಸರಿಯಾಯಿತು. ಎರಡು ಬದಿಯ ನೀರಿನ ಗೋಡೆಗೆ ಒಳಗಿನಿಂದ ಶಾಖ ತಡೆಯುವ ಬೆಂಕಿ-ಇಟ್ಟಿಗೆ ಕಟ್ಟಿದರು. ಈಗ ಬೆಂಕಿ ನೇರ ತಾಗುವುದು ಹಿಂಬದಿಯ ಗೋಡೆಗೆ ಮಾತ್ರ. ಇಟ್ಟಿಗೆ ಕಾದು ಕೂರುವುದರಿಂದ ಸೌದೆಯೂ ಚೆನ್ನಾಗಿ ಉರಿಯುತ್ತದೆ. ಗಂಜಿ ಮೊದಲಿನ ಹೊತ್ತಿಗೇ ಬೇಯುತ್ತದೆ. ನೀರು ಕಾಯಲು ಸ್ವಲ್ಪ ಹೆಚ್ಚು ಹೊತ್ತು ಬೇಕು, ಆದರೆ ಬೆಳಗ್ಗೆ ಹೊತ್ತಿಸಿದರೆ ಮಧ್ಯಾಹ್ನದೊಳಗೆ ತೊಟ್ಟಿ ಬಿಸಿ. ಸಂಜೆ ಸ್ನಾನ ಮಾಡುವ ಮನೆಗೆ ಅದು ಧಾರಾಳ. ಬೆಳಗ್ಗೆಯೇ ಸ್ನಾನ ಮಾಡುವವರಿಗೆ ಹಿಂದಿನ ದಿನದ ನೀರು. ತೊಟ್ಟಿಗೆ ಸುತ್ತ ದಪ್ಪ ಹೊದಿಕೆ ಇದ್ದರೆ ಬೆಚ್ಚಗೇ ಇರುತ್ತದೆ.

ಸೌದೆ

ಈ ಮನೆಯಲ್ಲಿ ಉರಿಸುವುದಕ್ಕೆ ಕೊರತೆ ಇಲ್ಲ. ತೆಂಗಿನ ಮಡಲು, ಗೆರಟೆ (ಚಿಪ್ಪು), ತೆಂಗಿನ ಸಿಪ್ಪೆ, ಸತ್ತ ಅಡಕೆ ಮರ, ರಬ್ಬರ್ ಮರ. ಆದರೆ ಎಲ್ಲವೂ ಈ ಒಲೆಗೆ ಆಗುವುದಿಲ್ಲ. ತೆರೆದ ಒಲೆಯಲ್ಲಿ ಹಸಿ ಸೌದೆ ಹಾಕಿದರೆ ಕಣ್ಣುರಿ, ಅಷ್ಟೇ. ಬಾಗಿಲು ಮುಚ್ಚುವ ಒಲೆಯಲ್ಲಿ ಹಾಕಿದರೆ ಹೊಗೆಯಲ್ಲಿನ ನೀರು, ಎಣ್ಣೆಯಂಶ ಎಲ್ಲ ತಣ್ಣಗಿನ ನೀರಿನ ಗೋಡೆಗೆ ತಾಗಿ ಅಂಟಾಗುತ್ತದೆ. ಮೊದಲ ಮಳೆಗಾಲದಲ್ಲಿ ಮೇ ತಿಂಗಳಲ್ಲಿ ಕಡಿದ ರಬ್ಬರ್ ಸೌದೆ ಹಾಕಿದ್ದರು. ಒಲೆ ಬಿಚ್ಚಿದಾಗ ಪೆಟ್ಟಿಗೆಯ ಮೇಲೆ ಬೆರಳು ದಪ್ಪದ ಕಪ್ಪು ಜಿಗುಟು ಕೂತಿತ್ತು. ಅದು ಶಾಖವನ್ನು ನೀರಿಗೆ ಬಿಡುವುದಿಲ್ಲ. ಹೊಗೆಕೊಳವೆಯಲ್ಲಿ ಒಣಗಿ ಕೂತರೆ ಬೆಂಕಿಯೇ ಹಿಡಿಯಬಹುದು. ಮಾಡಿನ ಮರದ ಪಕಾಸಿಗೆ ತಾಗಿ ಹೋಗುವ ಕೊಳವೆಯಲ್ಲಿ ಬೆಂಕಿ ಎಂದರೆ ಯೋಚಿಸಿ.

ಅರ್ಧ ತೂಕ ನೀರೇ ಇರುವ ಹಸಿ ಸೌದೆಯಿಂದ ಸಿಗುವ ಶಾಖ ಒಣ ಸೌದೆಯದರ ಅರ್ಧದಷ್ಟು. ತೂಕದಲ್ಲಿ ಅರ್ಧ ಮರವೇ ಅಲ್ಲ, ಇರುವ ಮರದ ಶಾಖದಲ್ಲೂ ಒಂದು ಪಾಲು ಆ ನೀರನ್ನು ಓಡಿಸಲಿಕ್ಕೇ ಹೋಗುತ್ತದೆ.

ಈಗ ಜನವರಿ, ಫೆಬ್ರವರಿಯಲ್ಲಿ ಕಡಿದು, ಸೀಳಿ, ಬಿಸಿಲಿಗೆ ಹಾಕಿ, ಪತ್ತನಾಜೆಯ ಒಳಗೆ ಸೌದೆ ಕೊಟ್ಟಿಗೆಗೆ ಸೇರಿಸುವುದು ನಿಯಮ. ಪತ್ತನಾಜೆ ಎಂದರೆ ತುಳುವರ ಬೇಷ ತಿಂಗಳ ಹತ್ತನೆಯ ದಿನ, ಮೇ ಕೊನೆಯ ಭಾಗ. ಯಕ್ಷಗಾನದ ಆಟ, ಭೂತಗಳ ನೇಮ ಎಲ್ಲ ಅಂದಿಗೆ ಮುಗಿಯುತ್ತವೆ. ಈ ಮನೆಯಲ್ಲಿ ಸೌದೆ ಕೆಲಸವೂ. ಸೀಳುವುದು ಮುಖ್ಯ, ತೊಗಟೆಯೊಳಗಿನ ಉರುಟು ಮರ ವರ್ಷವಾದರೂ ಒಣಗುವುದಿಲ್ಲ. ತೆಂಗಿನ ಸಿಪ್ಪೆ ಹಂಡೆಯ ಒಲೆಗೆ ಮಾತ್ರ. ಗೆರಟೆ ಒಮ್ಮೆಗೇ ಜೋರಾಗಿ ಉರಿಯುವುದರಿಂದ ಹೊತ್ತಿಸಲು ಎರಡು ಮೂರು ಸಾಕು, ಗೂಡು ತುಂಬ ಹಾಕುವುದಿಲ್ಲ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಕೊಳವೆ ಗುಡಿಸುತ್ತಾರೆ.

ಎರಡನೆಯ ಮಳೆಗಾಲದಿಂದ

ಮಳೆಗಾಲದ ಎರಡೂ ಬಿಲ್ಲು 500 ಯೂನಿಟ್‌ನ ಒಳಗೆ ಬಂದವು. ಬಿಸಿನೀರು ನಲ್ಲಿಗೆ ಬಂತು. ಕರೆಂಟ್ ಇಲ್ಲದ ದಿನಗಳಲ್ಲಿ ಆ ಮನೆಯಲ್ಲಿ ಸರಿಯಾಗಿ ನಡೆಯುವುದು ಸುರಂಗದ ನೀರು, ಈ ಒಲೆ ಎರಡೇ.

ಯಾರೂ ನಿರೀಕ್ಷಿಸದ ಲಾಭ ಆ ಪೈಪಿನ ಏಣಿಯದ್ದು. ಹೆಚ್ಚಾದ ಶಾಖಕ್ಕೆ ದಾರಿ ಎಂದು ಹಾಕಿದ್ದು, ಆಟಿಯಲ್ಲಿ ಬಟ್ಟೆ ಒಣಗಿಸುವ ಕೋಣೆಯಾಯಿತು. ಮಗುವಿನ ಬಟ್ಟೆ, ಅಜ್ಜಿಯ ಸೀರೆ, ಶಾಲು ಎಲ್ಲ ಅಲ್ಲಿಗೆ. ಮುಗ್ಗಲು ವಾಸನೆ ಇಲ್ಲ. ಹಂಚಿನ ಮಾಡಿನ ಸಂದಿಯಿಂದ ತೇವ ಹೊರಗೆ ಹೋಗುವುದರಿಂದ ಗೋಡೆಗೆ ಬೂಸಲು ಬಂದಿಲ್ಲ. ತಾರಸಿಯ ಕೋಣೆಯಲ್ಲಿ ಹೀಗೆ ಮಾಡುವವರು ಮೇಲೊಂದು ಗಾಳಿಕಿಂಡಿ ಬಿಡಬೇಕು. ಈಗ ಅಕ್ಕ ಒಲೆ ಹೊತ್ತಿಸುವುದು ನೀರಿಗೋ ಬಟ್ಟೆಗೋ ಎಂದು ಹೇಳುವುದು ಕಷ್ಟ.

ಆಗದೆ ಉಳಿದದ್ದೂ ಇದೆ. ಮಗನ ಆಸೆಗೆ ಮಾಡಿಸಿದ ಓವನಿನಲ್ಲಿ ಯಾರೂ ಏನೂ ಬೇಯಿಸಿಲ್ಲ, ಅದರಲ್ಲಿ ಉಪ್ಪಿನ ಭರಣಿ, ಬೆಂಕಿಪೆಟ್ಟಿಗೆ, ಹಪ್ಪಳದ ಡಬ್ಬ ಇವೆ. ದೋಸೆ ಈಗಲೂ ಗ್ಯಾಸಿನಲ್ಲಿ. ಬೇಸಿಗೆಯಲ್ಲಿ ಒಲೆ ಹೊತ್ತಿಸಿದರೆ ಅಡುಗೆಮನೆಯಲ್ಲಿ ನಿಲ್ಲಲಾಗುವುದಿಲ್ಲ. ಹಾಗಾಗಿ ಡಿಸೆಂಬರಿನಿಂದ ಮೇ ತನಕ ಗಂಜಿ ಹೊರಗಿನ ಹಳೆಯ ಒಲೆಯಲ್ಲಿ, ಸ್ನಾನದ ನೀರು ಸೋಲಾರಿನಿಂದ. ಬಾತ್‌ರೂಮಿನಲ್ಲಿ ಸೋಲಾರಿನ ನೀರು, ತೊಟ್ಟಿಯ ನೀರು ಯಾವುದು ಬೇಕೋ ಅದಕ್ಕೆ ತಿರುಗಿಸುವ ನಲ್ಲಿ ಇದೆ. ಅದು ಸ್ನಾನದ ನೀರಿನ ದಾರಿಯಲ್ಲಿ ಇರುವುದರಿಂದ ತೊಂದರೆ ಇಲ್ಲ, ಒಲೆಯ ಸುತ್ತಿಗೆ ಅದು ಮುಟ್ಟುವುದಿಲ್ಲ. ಮೊದಲ ಸಲದ ಪಂಪು, ಪೈಪಿನ ಖರ್ಚು ಪೂರ್ತಿ ಹೋಯಿತು. ಪಂಪನ್ನು ತೋಟದಲ್ಲಿ ಯಾವುದಕ್ಕಾದರೂ ಬಳಸಬಹುದು ಎಂದು ಯಜಮಾನರು ಇನ್ನೂ ಇಟ್ಟುಕೊಂಡಿದ್ದಾರೆ.

ಕಳೆದ ಬೇಸಿಗೆಯಲ್ಲಿ ಹತ್ತಿರದ ಇನ್ನೊಂದು ಮನೆಯವರು ಇದನ್ನು ನೋಡಿ ತಮಗೂ ಬೇಕು ಎಂದರು. ಹೋಗಿ ನೋಡಿದೆವು. ಅವರದ್ದು ತಗ್ಗಿನ ಮಾಡು, ಅಡುಗೆಮನೆ ಎತ್ತರದ ಜಗಲಿಯ ಮೇಲೆ, ಬಾತ್‌ರೂಮು ಕೆಳಗಿನ ಅಂಗಳದಲ್ಲಿ. ಒಲೆಗಿಂತ ಮೇಲೆ ತೊಟ್ಟಿ ಇಡಲು ಎಲ್ಲೂ ಜಾಗ ಇರಲಿಲ್ಲ. ನೀರು ಬೋರ್‌ವೆಲ್ಲಿನದ್ದು, ಕರೆಂಟ್ ಹೋದರೆ ಅದೂ ಇಲ್ಲ. "ಪಂಪು ಹಾಕಿದರೆ ಆಗುವುದಿಲ್ವಾ?" ಎಂದು ಅವರು ಕೇಳಿದರು. ಮೇಸ್ತ್ರಿ ಉತ್ತರ ಹೇಳುವ ಮೊದಲೇ ಜೊತೆಗೆ ಬಂದಿದ್ದ ಅಕ್ಕ, "ಬೇಡ, ನಿಮಗೆ ಹಂಡೆಯೇ ಸಮ" ಎಂದರು. ಅವರು ಅಡುಗೆಮನೆಯಿಂದ ಬಚ್ಚಲಿಗೆ ಶೀಟು ಹಾಕಿಸಿಕೊಂಡಿದ್ದಾರೆ.